ಪರದೆಯ ಮೇಲಿನ ರಕ್ತ: ಅಮೆರಿಕದ ಒಂದು ವಿವಾದದ ಇತಿಹಾಸ

ವಿಡಿಯೊ ಗೇಮಿನ ಹಿಂಸೆ ಅಮೆರಿಕದಲ್ಲಿ ದೊಡ್ಡ ವಿವಾದವಾಗಿ ಮೊದಲು ತಲೆಯೆತ್ತಿದ್ದು 1976ರಲ್ಲಿ, ಎಕ್ಸಿಡಿ ಕಂಪನಿಯು ‘ಡೆತ್ ರೇಸ್’ ಎಂಬ ಆಟವನ್ನು ಆರ್ಕೇಡುಗಳಿಗೆ, ಅಂದರೆ ನಾಣ್ಯ ಹಾಕಿ ಯಂತ್ರದಲ್ಲಿ ಆಡುವ ತಾಣಗಳಿಗೆ, ತಂದಾಗ. ಕಪ್ಪು-ಬಿಳುಪು ಪರದೆಯಲ್ಲಿ ಓಡಾಡುವ ಕಡ್ಡಿಯಂಥ ಆಕೃತಿಗಳ ಮೇಲೆ ಆಟಗಾರನು ಕಾರು ಹರಿಸಬೇಕಿತ್ತು. ಹರಿಸಿದೊಡನೆ ಚೀತ್ಕಾರ ಕೇಳಿಸಿ, ಆ ಜಾಗದಲ್ಲಿ ಶಿಲುಬೆಯೊಂದು ಮೂಡುತ್ತಿತ್ತು. ಅವು ಮನುಷ್ಯರಲ್ಲ, ‘ಗ್ರೆಮ್ಲಿನ್’ ಎಂಬ ಪಿಶಾಚಿಗಳೆಂದು ಕಂಪನಿ ಸಮಜಾಯಿಷಿ ನೀಡಿದರೂ ಟೀಕೆ ಅಡಗಲಿಲ್ಲ.

1993ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಹೊಡೆದಾಟದ ಆಟ ಮನೆಯ ಯಂತ್ರಗಳಿಗೆ ಬಂದಾಗ, ನಿಂಟೆಂಡೊ ರಕ್ತವನ್ನು ತೆಗೆದು ಬೆವರಿನಂಥ ಬೂದು ಹನಿಗಳನ್ನು ತೋರಿಸಿತು. ಸೆಗಾ ಯಂತ್ರದಲ್ಲಾದರೋ ಗುಂಡಿಗಳನ್ನು ಗೊತ್ತಾದ ಕ್ರಮದಲ್ಲಿ ಒತ್ತಿದರೆ ರಕ್ತ ಕಾಣುತ್ತಿತ್ತು, ಹೆಚ್ಚು ಮಾರಾಟವಾದದ್ದೂ ಅದೇ. ಆ ಡಿಸೆಂಬರಿನಲ್ಲಿ ಸೆನೆಟರುಗಳಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ನಡೆಸಿದ ವಿಚಾರಣೆಯ ಬಳಿಕ, ಸರ್ಕಾರವೇ ಕಾನೂನು ತಂದೀತೆಂಬ ಭಯದಿಂದ ಉದ್ಯಮವು 1994ರಲ್ಲಿ ಇಎಸ್‌ಆರ್‌ಬಿ ಎಂಬ ಮಂಡಳಿಯನ್ನು ಕಟ್ಟಿ, ಯಾವ ಆಟ ಯಾವ ವಯಸ್ಸಿನವರಿಗೆ ಎಂಬುದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕತೊಡಗಿತು. ಬಾಲಾಪರಾಧಕ್ಕೆ ಕಾಮಿಕ್ಸ್ ಕಾರಣವೆಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ವಾದಿಸಿದ 1954ರಲ್ಲಿ ಪ್ರಕಾಶಕರು ಹಿಡಿದಿದ್ದ ದಾರಿಯೂ ಇಂಥ ಸ್ವಯಂ ನಿಯಂತ್ರಣದ್ದೇ. ಎರಡು ಸಲವೂ ನಿಯಮ ಮುಂದೆ ನಡೆಯಿತು, ಗಟ್ಟಿ ಸಂಶೋಧನೆ ಹಿಂದೆ ಉಳಿಯಿತು. ಈ ವಿವಾದದ ಮೂಲ ದೌರ್ಬಲ್ಯವಿರುವುದು ಇಲ್ಲಿಯೇ.

ಸಂಶೋಧನೆ ಬಂದಾಗಲೂ ಅದರ ಪ್ರಯೋಗಗಳು ಅಳೆದದ್ದು ಅಪರಾಧವನ್ನಲ್ಲ. ಕ್ರೇಗ್ ಆಂಡರ್ಸನ್ ಮತ್ತು ಕ್ಯಾರನ್ ಡಿಲ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಗುಂಡಿನ ಕಾಳಗದ ‘ವುಲ್ಫೆನ್‌ಸ್ಟೈನ್ 3ಡಿ’ಯನ್ನೂ, ಉಳಿದವರು ಒಗಟು ಬಿಡಿಸುವ ‘ಮಿಸ್ಟ್’ ಆಟವನ್ನೂ ಆಡಿದರು. ಆಮೇಲೆ ಸ್ಪರ್ಧೆಯೊಂದರಲ್ಲಿ ಎದುರಾಳಿಗೆಂದು ಅವರು ಎಷ್ಟು ಹೊತ್ತು ಕರ್ಕಶ ಶಬ್ದ ಕೇಳಿಸುತ್ತಾರೆ ಎಂಬುದೇ ಆಕ್ರಮಣಶೀಲತೆಯ, ಅಂದರೆ ಇನ್ನೊಬ್ಬರನ್ನು ನೋಯಿಸುವ ಪ್ರವೃತ್ತಿಯ, ಅಳತೆಯಾಯಿತು. ಇಂಥ ಅಳತೆಯಿಂದ ಕೊಲೆಯವರೆಗೆ ತರ್ಕ ಹೂಡುವುದು ವಿಜ್ಞಾನಕ್ಕೂ ಸಂತ್ರಸ್ತರಿಗೂ ಬಗೆಯುವ ಅನ್ಯಾಯ.

ಹಿಂಸಾತ್ಮಕ ಆಟಗಳನ್ನು 18 ವರ್ಷದೊಳಗಿನವರಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯದ 2005ರ ಕಾನೂನನ್ನು ಸುಪ್ರೀಂ ಕೋರ್ಟು 2011ರಲ್ಲಿ 7-2 ಬಹುಮತದಿಂದ ರದ್ದುಮಾಡಿತು. ಮುಂದಿಟ್ಟ ಅಧ್ಯಯನಗಳು ಕಾರ್ಯಕಾರಣ ಸಂಬಂಧವನ್ನು ಸಾಧಿಸಿಲ್ಲವೆಂಬುದು ಬಹುಮತದ ಅಭಿಪ್ರಾಯವಾಗಿತ್ತು. ಅಮೆರಿಕದ ಮನಶ್ಶಾಸ್ತ್ರ ಸಂಘವು 2020ರಲ್ಲಿ, ಕೂಗಾಟ, ತಳ್ಳಾಟಗಳಂಥ ವರ್ತನೆಗೂ ಈ ಆಟಗಳಿಗೂ ಸಣ್ಣ ನಂಟಿದೆಯೆಂದು ಒಪ್ಪುತ್ತಲೇ, ಗಂಭೀರ ಹಿಂಸಾಚಾರವನ್ನು ಇವುಗಳ ತಲೆಗೆ ಕಟ್ಟಲು ಸಾಕಷ್ಟು ಪುರಾವೆಯಿಲ್ಲವೆಂದೂ, ಹಾಗೆ ಕಟ್ಟಿದರೆ ಇತರ ಕಾರಣಗಳಿಂದ ಸಮಾಜದ ಗಮನ ತಪ್ಪುತ್ತದೆಂದೂ ಹೇಳಿತು.