ಸೊನ್ನಲಿಗೆಯ ಮೂರು ಜಲಾಶಯಗಳು

ಸೊಲ್ಲಾಪುರದಲ್ಲಿ ತಲೆತಲಾಂತರದಿಂದ ನೆಲೆಸಿರುವ ಕನ್ನಡಿಗರಾದ ನಮಗೆ ಸಿದ್ಧೇಶ್ವರ ಕೆರೆಯು ದಿನನಿತ್ಯದ ನೋಟ. ನಿತ್ಯವೂ ಕಾಣುವ ವಸ್ತುವಿನ ಚರಿತ್ರೆಯನ್ನು ಕೇಳುವವರು ವಿರಳ. ಈ ನಗರಕ್ಕೂ ಸುತ್ತಣ ಸೀಮೆಗೂ ನೀರನ್ನೊದಗಿಸಲು ಮೂರು ಕಾಲಗಳಲ್ಲಿ ಮೂರು ಜಲಾಶಯಗಳು ನಿರ್ಮಾಣವಾದುವು. ಒಂದನ್ನು ಶರಣರು ಕಟ್ಟಿಸಿದರು. ಇನ್ನೊಂದನ್ನು ಪರಕೀಯ ಸರಕಾರವು ಕಟ್ಟಿಸಿತು. ಮತ್ತೊಂದು ಸ್ವತಂತ್ರ ಭಾರತದ ಕೃತಿ. ಈ ಮೂರನ್ನೂ ಒಟ್ಟಿಗೆ ನೋಡಿದಾಗಲೇ ನಮ್ಮ ಊರಿನ ನೀರಿನ ಕಥೆಯು ತಿಳಿಯುತ್ತದೆ.

ನಮ್ಮದು ಮಳೆನೆರಳಿನ ಸೀಮೆ. ಪಡುವಲಲ್ಲಿ ಸೀನಾ, ತೆಂಕಲಲ್ಲಿ ಭೀಮೆ ಹರಿಯುತ್ತಿದ್ದರೂ ಊರ ಮಗ್ಗುಲಲ್ಲಿ ಜೀವನದಿಯೊಂದಿಲ್ಲ. ಮಳೆಗಾಲದ ನೀರನ್ನು ತಡೆದು ನಿಲ್ಲಿಸಿದರೆ ಮಾತ್ರ ಬೇಸಗೆಯಲ್ಲಿ ಜನರಿಗೂ ದನಕರುಗಳಿಗೂ ಉಳಿವು. 12ನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದುದು ಈ ಕಾರಣದಿಂದಲೇ. ರಾಘವಾಂಕನು ಅವರ ಚರಿತ್ರೆಯನ್ನು ಷಟ್ಪದಿಯಲ್ಲಿ ಹಾಡಿದ್ದಾನೆ. ಅಲ್ಲಮಪ್ರಭುವು ಇಲ್ಲಿಗೆ ಬಂದು, ಸಿದ್ಧರಾಮರನ್ನು ಮಣ್ಣು ಅಗೆಯುವವನೆಂದು ಜರೆದು, ಅಂತರಂಗದ ಅರಿವಿನ ಕಡೆಗೆ ತಿರುಗಿಸಿ ಕಲ್ಯಾಣಕ್ಕೆ ಕರೆದೊಯ್ದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಆದರೆ ಜರೆದ ಆ ಮಾತೇ ಕಾಲಾಂತರದಲ್ಲಿ ಗೌರವವಾಯಿತು. ಕಲ್ಲುಮಣ್ಣಿನ ಕಾಯಕದ ಭೋವಿ ಸಮಾಜವು ಇಂದಿಗೂ ಸಿದ್ಧರಾಮರನ್ನು ತನ್ನ ಗುರುವೆಂದು ಪೂಜಿಸುತ್ತದೆ. ಮುಂದೆ ಬಹಮನಿ ಕಾಲದ ಕೋಟೆಗೆ ಪೂರ್ವದಲ್ಲಿ ಈ ಕೆರೆಯೇ ಕಾವಲಾಯಿತು. ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಮೆರೆಯುವಾಗ ನಾವೆಲ್ಲರೂ ಬಂದು ಸೇರುವುದು ಈ ಕೆರೆಯ ದಂಡೆಗೇ.

ಎರಡನೆಯದು ಊರಿನ ಈಶಾನ್ಯಕ್ಕಿರುವ ಏಕರೂಖ ಜಲಾಶಯ. ನಮ್ಮ ಜನರ ಬಾಯಲ್ಲಿ ಹಿಪ್ಪರಗಾ ಕೆರೆ. ಅದೀಲಾ ಎಂಬ ಚಿಕ್ಕ ನದಿಗೆ ಅಡ್ಡಲಾಗಿ ಹಾಕಿದ ಈ ಮಣ್ಣಿನ ಏರಿಯು 1871ರಲ್ಲಿ ಪೂರ್ಣವಾಯಿತು. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಎತ್ತರ ಸುಮಾರು 21 ಮೀಟರು. ಹೊಲಗಳಿಗೆ ಕಾಲುವೆ ಹರಿಸಲು ಕಟ್ಟಿದ ಇದರಿಂದಲೇ ಮುಂದೆ ನಗರಕ್ಕೂ ಕುಡಿಯುವ ನೀರು ಬಂದಿತು. ಏರಿಯು ಸಿದ್ಧವಾದ ಕೆಲವೇ ವರ್ಷಗಳಲ್ಲಿ, 1876-78ರಲ್ಲಿ, ದಖ್ಖಣದಲ್ಲಿ ಮಹಾಕ್ಷಾಮವು ತಲೆದೋರಿತು. ಅದೇ ದಶಕದಲ್ಲಿ ಊರಿನ ಮೊದಲ ನೂಲಿನ ಗಿರಣಿಯೂ ಆರಂಭವಾಯಿತು. ಗಿರಣಿಗಳ ಕೂಗಿಗೆ ಸುತ್ತಣ ಹಳ್ಳಿಗಳಿಂದ ಜನರು ಬಂದು ನೆರೆದರು. ಊರು ಬೆಳೆದು ನಗರವಾಯಿತು. ಅದಕ್ಕೆ ತಕ್ಕಂತೆ ನೀರಡಿಕೆಯೂ ಬೆಳೆಯಿತು.

ಮೂರನೆಯದು ಭೀಮೆಯ ಮೇಲಿನ ಉಜನಿ ಅಣೆಕಟ್ಟು, 1980ರಲ್ಲಿ ಪೂರ್ಣವಾಯಿತು. ಇದು ಸೊಲ್ಲಾಪುರದಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ. ಇದರ ಒಟ್ಟು ಸಂಗ್ರಹವು ಸುಮಾರು 117 ಟಿ.ಎಂ.ಸಿ. ಅದರ ಅರ್ಧಕ್ಕಿಂತ ಹೆಚ್ಚು ಭಾಗವು ತೂಬಿನ ಮಟ್ಟಕ್ಕಿಂತ ಕೆಳಗೆ ನಿಂತ ನೀರು. ಕೊಳವೆಯ ಮೂಲಕವೂ, ನದಿಯಲ್ಲಿ ಬಿಟ್ಟ ನೀರಿನ ಮೂಲಕವೂ ಉಜನಿಯು ನಗರವನ್ನು ಪೋಷಿಸುತ್ತಿದೆ. ಆದರೆ ಈ ಉಪಕಾರಕ್ಕೆ ಬೆಲೆ ತೆತ್ತವರು ಬೇರೆಯವರು. ಪಳಸದೇವದಂತಹ ಊರುಗಳು ಮುಳುಗಿದುವು. ನೀರು ತಗ್ಗಿದ ಬೇಸಗೆಗಳಲ್ಲಿ ಅಲ್ಲಿಯ ಹಳೆಯ ಗುಡಿಯು ಮತ್ತೆ ತಲೆಯೆತ್ತುತ್ತದೆ.

ಈ ಮೂರನ್ನೂ ಹೋಲಿಸಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ನೀರಿನ ಮೂಲವು ಊರ ನಡುವಿನಿಂದ ಊರ ಹೊರಗೆ, ಅಲ್ಲಿಂದ ನೂರು ಕಿಲೋಮೀಟರ್ ಆಚೆಗೆ ಸರಿಯಿತು. ಅದರೊಡನೆ ನಮ್ಮ ಹೊಣೆಗಾರಿಕೆಯೂ ದೂರ ಸರಿದಿದೆ. ಕೆರೆಯಿಂದ ಕೊಡ ತುಂಬಿ ತರುತ್ತಿದ್ದವರಿಗೆ ಅದರಲ್ಲಿ ಕಸ ಸುರಿಯಬಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ನಲ್ಲಿಯನ್ನು ತಿರುಗಿಸುವ ನಮಗಾದರೋ ಅದನ್ನು ನೆನಪಿಸಬೇಕಾಗಿದೆ.

ಸಿದ್ಧರಾಮರ ವಚನಗಳನ್ನು ಓದಲು ನಮ್ಮ ಮಕ್ಕಳಿಗೆ ಕನ್ನಡವನ್ನು ಕಲಿಸುತ್ತಿದ್ದೇವೆ. ಅದು ಯೋಗ್ಯವೇ ಸರಿ. ಅವರು ಕಟ್ಟಿಸಿದ ಕೆರೆಯ ಹೂಳು, ಕಸ, ಒಳಹರಿವುಗಳ ವಿಚಾರವನ್ನೂ ಅದೇ ಪಾಠದೊಡನೆ ಕಲಿಸಬೇಕು. ಏಕೆಂದರೆ ಆ ಮಹನೀಯರು ನಮಗೆ ಬಿಟ್ಟುಹೋದುದು ವಚನಗಳನ್ನು ಮಾತ್ರವಲ್ಲ, ಕೆರೆಯನ್ನೂ ಕೂಡ.