ಮುದ್ರೆ ಹೊತ್ತ ಪುಸ್ತಕಗಳು

ಆಳಂದದಿಂದ ಅಫಜಲಪುರದ ಹಾದಿ ಹಿಡಿದು ಭೀಮಾ ನದಿ ದಾಟಿದರೆ ವಿಜಯಪುರ ಜಿಲ್ಲೆ. ಕಲಬುರ್ಗಿಯ ಬಹಮನಿ ಸುಲ್ತಾನರು, ಬಿಜಾಪುರದ ಆದಿಲಶಾಹಿಗಳು, ಕೊನೆಗೆ ಮೊಗಲರು ಈ ಎರೆಭೂಮಿಯ ಮೇಲೆ ದಂಡು ನಡೆಸಿದರು. ಆ ದಂಡಯಾತ್ರೆಗಳನ್ನು ವಿಸ್ತಾರವಾಗಿ ಬರೆದಿಟ್ಟವನು ಫರಿಷ್ತಾ. ಎರಡನೇ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ, ಬಿಜಾಪುರದಲ್ಲಿಯೇ ಆತ ಪಾರ್ಸಿ ಭಾಷೆಯಲ್ಲಿ ತನ್ನ ಇತಿಹಾಸವನ್ನು ರಚಿಸಿದ. ಜಾನ್ ಬ್ರಿಗ್ಸ್ ಮಾಡಿದ ಅದರ ಇಂಗ್ಲಿಷ್ ಅನುವಾದ 1829ರಲ್ಲಿ ನಾಲ್ಕು ಸಂಪುಟಗಳಾಗಿ ಹೊರಬಂತು.

ಹೀಗೆ ಗ್ರಂಥದೊಳಗಿನ ಇತಿಹಾಸ ಅಚ್ಚಾಯಿತು. ಆದರೆ ಕೈಬರಹದ ಹಳೆಯ ಪ್ರತಿಗೆ ಇನ್ನೊಂದು ಇತಿಹಾಸವೂ ಇರುತ್ತದೆ. ಅದು ಯಾರ ಬಳಿ ಇತ್ತು, ಯಾರಿಂದ ಯಾರಿಗೆ ಹೋಯಿತು ಎಂಬುದು ಆ ಇತಿಹಾಸ. ಯುದ್ಧಸಾಹಿತ್ಯ ಸಂಗ್ರಹಿಸುವವರು ಹೆಚ್ಚಿನ ಬೆಲೆ ಕೊಡುವುದು ಇದಕ್ಕೇ. ದಖ್ಖನ್ನಿನಲ್ಲಿ ರಾಜರ ಪುಸ್ತಕ ಕೈ ಬದಲಿಸಿದ್ದು ಬಹಳ ಸಲ ಮಾರಾಟದಿಂದಲ್ಲ, ಕೊಳ್ಳೆಯಿಂದ.

ಇದಕ್ಕೆ ಟಿಪ್ಪು ಸುಲ್ತಾನನ ಗ್ರಂಥಭಂಡಾರಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಲ್ಲಿ ಸುಮಾರು 2,000 ಸಂಪುಟಗಳು ಸಿಕ್ಕವು. ಅವುಗಳ ವಿವರಣಾತ್ಮಕ ಪಟ್ಟಿಯನ್ನು ಚಾರ್ಲ್ಸ್ ಸ್ಟೂವರ್ಟ್ ಎಂಬ ಪಂಡಿತ ಸಿದ್ಧಪಡಿಸಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರಕಟಿಸಿದ. ಹೈದರನಾಗಲಿ ಟಿಪ್ಪುವಾಗಲಿ ಹಣ ಕೊಟ್ಟು ಕೊಂಡ ಪುಸ್ತಕಗಳು ತೀರ ಕಡಿಮೆ ಎಂದು ಆತ ಅದರಲ್ಲಿ ಬರೆದಿದ್ದಾನೆ. ಉಳಿದವು ಸವಣೂರು, ಕಡಪ, ಕರ್ನಾಟಿಕ್ ಸೀಮೆಗಳಿಂದ ಬಂದ ಲೂಟಿ. ದೊಡ್ಡ ಪಾಲು ಆರ್ಕಾಟು ನವಾಬರ ಮನೆತನದ ಅಬ್ದುಲ್ ವಹಾಬ್ ಖಾನನದು. 1780ರಲ್ಲಿ ಹೈದರನ ಸೇನೆ ಚಿತ್ತೂರಿನ ಕೋಟೆ ಹಿಡಿದಾಗ ಕೈಸೇರಿದ್ದು. ಇನ್ನು ಕೆಲವು ಅದಕ್ಕೂ ಮೊದಲು ಬಿಜಾಪುರ, ಗೋಲ್ಕೊಂಡಗಳ ಸುಲ್ತಾನರವಾಗಿದ್ದವು.

ಬಿಜಾಪುರದ ಪುಸ್ತಕ ಶ್ರೀರಂಗಪಟ್ಟಣಕ್ಕೆ ಹೇಗೆ ಬಂತು? ಸವಣೂರು ನವಾಬರ ಮೂಲಪುರುಷ ಅಬ್ದುಲ್ ರವೂಫ್ ಖಾನ್ ಮೊದಲು ಆದಿಲಶಾಹಿಯ ಸರದಾರ. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಔರಂಗಜೇಬನಿಂದ ಬಂಕಾಪುರ ಸೀಮೆಯ ಜಹಗೀರು ಪಡೆದವನು. ಟಿಪ್ಪುವಿನ ಸೇನೆ 1786ರಲ್ಲಿ ಸವಣೂರನ್ನು ಹಿಡಿಯಿತು. ಪುಸ್ತಕಗಳು ನಡೆದ ದಾರಿಯೂ ಇದೇ ಇದ್ದೀತು ಎಂದು ಊಹಿಸಬಹುದು. ಪ್ರತಿಯೊಂದರ ಮೇಲೂ ಅದು ಬರೆದಿಲ್ಲ.

ಬರೆದಿಲ್ಲದಿರುವುದಕ್ಕೆ ಒಂದು ಕಾರಣ ಹೊಸ ರಟ್ಟು. ಟಿಪ್ಪು ಅನೇಕ ಪುಸ್ತಕಗಳಿಗೆ ಹೊಸದಾಗಿ ಚರ್ಮದ ಹೊದಿಕೆ ಹಾಕಿಸಿದ. ನಡುವಿನ ಪದಕದಲ್ಲಿ ದೇವರು, ಪ್ರವಾದಿ, ಫಾತಿಮಾ, ಹಸನ್, ಹುಸೇನರ ಹೆಸರು. ನಾಲ್ಕು ಮೂಲೆಗಳಲ್ಲಿ ಮೊದಲ ನಾಲ್ವರು ಖಲೀಫರ ಹೆಸರು. ಮೇಲೆ 'ಸರ್ಕಾರ್-ಎ-ಖುದಾದಾದ್', ಕೆಳಗೆ 'ಅಲ್ಲಾ ಕಾಫೀ'. ಇಂಥ ರಟ್ಟು ಕಂಡರೆ ಇಂದಿನ ಸಂಗ್ರಾಹಕನ ಕಣ್ಣು ಅರಳುತ್ತದೆ. ಆದರೆ ಮರುಹೊಲಿಗೆ ಹಾಕುವಾಗ ಹಾಳೆಯ ಅಂಚು ಕತ್ತರಿಸುವುದು, ಹರಿದ ಮೊದಲ ಹಾಳೆ ತೆಗೆದುಬಿಡುವುದು ರಟ್ಟು ಕಟ್ಟುವವರ ಹಳೆಯ ರೂಢಿ. ಹಿಂದಿನ ಒಡೆಯನ ಮುದ್ರೆ, ಬೆಲೆ, ತಾರೀಖು ಇರುವುದು ಅಲ್ಲಿಯೇ. ಹೊಸ ಒಡೆಯನ ಹೆಸರು ಬೆಳಗಿದಷ್ಟೂ ಹಳೆಯವನದು ಅಳಿಯುತ್ತದೆ.

ಟಿಪ್ಪು ಬರೆಯಿಸಿದ ಯುದ್ಧಗ್ರಂಥವೂ ಉಂಟು. ಜೈನುಲ್ ಆಬಿದೀನ್ ಶುಸ್ತರಿ ರಚಿಸಿದ 'ಫತಹುಲ್ ಮುಜಾಹಿದೀನ್' ಮೈಸೂರು ಸೇನೆಯ ಕವಾಯತು, ಶಿಸ್ತು, ರಾಕೆಟ್ ಪಡೆಯ ವ್ಯವಸ್ಥೆಗಳನ್ನು ತಿಳಿಸುವ ಕೈಪಿಡಿ. ಗೆದ್ದವರಿಗೆ ಇದರಲ್ಲಿ ಕುತೂಹಲ ಇದ್ದದ್ದು ಸಹಜ. ಆ ರಾಕೆಟ್ಟುಗಳ ಏಟು ತಿಂದವರು ಅವರೇ. ಭಂಡಾರದ ಪುಸ್ತಕಗಳು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜು, ಲಂಡನ್ನಿನ ಕಂಪನಿ ಕಚೇರಿ, ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಹಂಚಿಹೋದವು.

ಬಿಜಾಪುರದಲ್ಲೇ ಉಳಿದವುಗಳ ಕಥೆ ಬೇರೆ. ಆಸಾರ್ ಮಹಲಿನಲ್ಲಿದ್ದ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಲಾಯಿತು; ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬಹುಪಾಲು ಅರಬ್ಬಿ ಭಾಷೆಯ ಧರ್ಮಶಾಸ್ತ್ರ, ವ್ಯಾಕರಣ ಮುಂತಾದವು. ಒಂದನೇ ಅಲಿ ಆದಿಲಶಾಹನ ಕಾಲದಲ್ಲಿ, 1570ರಲ್ಲಿ ಸಿದ್ಧವಾದ 'ನುಜೂಮ್ ಅಲ್-ಉಲೂಮ್' ಎಂಬ ಚಿತ್ರಗ್ರಂಥ ಮಾತ್ರ ಐರ್ಲೆಂಡಿನ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹಾಲಯ ಸೇರಿದೆ. ಗ್ರಹ ನಕ್ಷತ್ರಗಳ ಜೊತೆಗೆ ಆಯುಧ, ಆನೆ, ಕುದುರೆಗಳ ವಿಷಯವೂ ಅದರಲ್ಲಿದೆ. ತಾಳಿಕೋಟೆಯ ಯುದ್ಧ ಮುಗಿದು ಐದೇ ವರ್ಷಕ್ಕೆ ಹುಟ್ಟಿದ ಪುಸ್ತಕವೆಂದು ನೆನೆದರೆ ಅದರ ಕತ್ತಿ ಕಠಾರಿಗಳ ಚಿತ್ರಗಳಿಗೆ ಬೇರೆಯೇ ತೂಕ ಬರುತ್ತದೆ.

ಹೆಸರಾಂತ ಒಡೆಯನಿದ್ದಲ್ಲಿ ಬೆಲೆ. ಬೆಲೆ ಇದ್ದಲ್ಲಿ ನಕಲಿ ಮುದ್ರೆ. ಪರೀಕ್ಷಿಸುವವರು ಮೊದಲು ನೋಡುವ ವಿಷಯಗಳಲ್ಲಿ ಹುಳು ಕೊರೆದ ತೂತೂ ಒಂದು. ತೂತು ಮುದ್ರೆಯ ಮಸಿಯನ್ನು ಕಡಿದುಕೊಂಡು ಹೋಗಿದ್ದರೆ ಮುದ್ರೆ ಹಳೆಯದು. ಮಸಿಯೇ ತೂತಿನ ಅಂಚಿಗೆ ಇಳಿದಿದ್ದರೆ ಹುಳುವಿನ ನಂತರ ಯಾರೋ ಒತ್ತಿದ್ದಾರೆ. ಮುದ್ರೆಯ ಇಸವಿ, ಕಾಗದದ ವಯಸ್ಸು, ಒಡೆಯನ ಆಳ್ವಿಕೆಯ ಕಾಲ ಈ ಮೂರೂ ಹೊಂದಬೇಕು.

ಭೀಮೆಯ ದಂಡೆಯ ಊರುಗಳಲ್ಲಿ ಯಾರದಾದರೂ ಮನೆಯ ಗಂಟಿನಲ್ಲಿ ಇಂಥದೊಂದು ಪುಸ್ತಕ ಸಿಕ್ಕರೆ ರಟ್ಟು ಬದಲಿಸದೆ, ಮೊದಲ ಹಾಳೆ ಕೀಳದೆ ಇಡುವುದೇ ಮುಖ್ಯ. 1972ರ ಪುರಾವಸ್ತು ಕಾಯ್ದೆಯಂತೆ ಐತಿಹಾಸಿಕ ಮೌಲ್ಯದ, 75 ವರ್ಷ ತುಂಬಿದ ಹಸ್ತಪ್ರತಿ ಪುರಾವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಒಯ್ಯುವಂತಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದಿಂದ, 1853ರಲ್ಲಿ ಬಿಜಾಪುರದಿಂದ ಹೋದವು ಈ ಕಾಯ್ದೆಯ ಕೈಗೆ ಸಿಗುವುದಿಲ್ಲ.