ಡಿಪ್ ಕೋಲಿನಿಂದ ಅಚ್ಚಾದ ಬಿಲ್ಲಿನವರೆಗೆ

ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಬಿ.ಕಾಂ. ಓದುವಾಗ ಕಲಿತ ಈ ಮಾತು ಬ್ಯಾಂಕಿನ ಕೆಲಸದಲ್ಲೂ ಮಂತ್ರವೇ. ಆದರೆ ಆ ವೋಚರ್ ಬರೆದವರು ಯಾರು, ಯಾವ ಅಳತೆ ನೋಡಿ ಬರೆದರು ಅಂತ ಕೇಳುವವರು ಕಡಿಮೆ.

ಮುಂಬಯಿಯ ಚೆಂಬೂರು ಕಡೆ ಇರುವ ನಮ್ಮವರಿಗೆ ಮಾಹುಲ್ ರಸ್ತೆಯ ಟ್ಯಾಂಕರ್ ಸಾಲು ಹೊಸದೇನಲ್ಲ. 1955ರಲ್ಲಿ ಬರ್ಮಾ-ಶೆಲ್ ಅಲ್ಲಿ ಶುರು ಮಾಡಿದ ರಿಫೈನರಿ 1976ರಲ್ಲಿ ಸರ್ಕಾರದ ಕೈಗೆ ಬಂತು. ಅದೇ ಈಗಿನ ಭಾರತ್ ಪೆಟ್ರೋಲಿಯಂನದ್ದು. ಆ ಟ್ಯಾಂಕರ್‌ಗಳ ಹೊಟ್ಟೆಯೊಳಗಿನ ಲೀಟರ್ ಎಣಿಸುವುದಕ್ಕೂ ಒಂದು ಚರಿತ್ರೆ ಇದೆ ನೋಡಿ.

ಬಹಳ ಕಾಲ ನಮ್ಮಲ್ಲಿ ಎಲ್ಲಕ್ಕೂ ಆಧಾರ ಡಿಪ್ ಕೋಲು. ಟ್ಯಾಂಕರ್ ಒಳಗೆ ಬೇರೆ ಬೇರೆ ಕೋಣೆಗಳು, ಪ್ರತಿಯೊಂದಕ್ಕೂ ತೂಕ-ಅಳತೆ ಇಲಾಖೆ ಪರೀಕ್ಷಿಸಿ ಕೊಟ್ಟ ಚಾರ್ಟು. ಮುಚ್ಚಳ ತೆಗೆದು ಕೋಲು ಇಳಿಸಿ, ಒದ್ದೆಯಾದ ಗುರುತು ನೋಡಿ, ಚಾರ್ಟಿನಲ್ಲಿ ಲೀಟರ್ ಹುಡುಕಬೇಕು. ಲಾರಿ ಕೊಂಚ ಓರೆಯಾಗಿ ನಿಂತರೂ ಅಳತೆ ತಪ್ಪುತ್ತದೆ. ಬಿಸಿಲಿನ ಆಟ ಬೇರೆ! ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ 1,000 ಲೀಟರ್ ಡೀಸೆಲ್ ಸುಮಾರು 0.8 ಲೀಟರ್ ಹಿಗ್ಗುತ್ತದೆ. ಹಾಗಾಗಿ 12,000 ಲೀಟರಿನ ಟ್ಯಾಂಕರ್ 10 ಡಿಗ್ರಿ ತಣ್ಣಗಾದರೆ ಹತ್ತಿರ ಹತ್ತಿರ 100 ಲೀಟರ್ ಕಡಿಮೆ. ಯಾರೂ ಕದ್ದಿಲ್ಲ, ಆದರೂ ಕೊರತೆ. ನಿಜವಾಗಿ ಕದ್ದವನಿಗೂ ಇದೇ ನೆಪ! ಅದಕ್ಕೇ ಚಲನ್ ಮೇಲೆ 15 ಡಿಗ್ರಿಗೆ ಸರಿಹೊಂದಿಸಿದ ಸಾಂದ್ರತೆಯನ್ನು ಬರೆಯುವ ಪದ್ಧತಿ.

ಅಮೆರಿಕದವರಿಗೆ ಇನ್ನೊಂದು ತೊಂದರೆ ಇತ್ತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಎಣ್ಣೆಯನ್ನು ಲಾರಿಯಲ್ಲಿ ತಂದು ಮನೆಯ ಟ್ಯಾಂಕಿಗೆ ತುಂಬಿಸುತ್ತಿದ್ದರು. ಎಷ್ಟೋ ಸಲ ಮನೆಯವರೇ ಇರುತ್ತಿರಲಿಲ್ಲ. ನಂಬುವುದು ಹೇಗೆ? ಲಾರಿಯ ಮೀಟರಿಗೇ ಅಚ್ಚು ಯಂತ್ರ ಜೋಡಿಸಿದರು. ಮೊದಲು ಚೀಟಿ ತೂರಿಸಿದರೆ ಶುರುವಿನ ಅಂಕಿ ಬೀಳುತ್ತದೆ, ಎಣ್ಣೆ ಹರಿದು ಮುಗಿದ ಮೇಲೆ ಕೊನೆಯ ಅಂಕಿ. ಚಾಲಕನ ಕೈಬರಹಕ್ಕೆ ಜಾಗವೇ ಇಲ್ಲ. ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಇದು ಎಲೆಕ್ಟ್ರಾನಿಕ್ ಆಯಿತು. ಮೀಟರ್ ತಿರುಗಿದಂತೆ ವಿದ್ಯುತ್ ಮಿಡಿತಗಳು, ಅವನ್ನು ಎಣಿಸುವ ಪೆಟ್ಟಿಗೆ, ಉಷ್ಣಾಂಶದ ತಿದ್ದುಪಡಿ, ದರದ ಗುಣಾಕಾರ, ಕೊನೆಗೆ ಲಾರಿಯಲ್ಲೇ ಬಿಲ್ಲು.

ನಮ್ಮ ದೇಶದಲ್ಲಿ ಈ ಕಥೆಗೆ ರಕ್ತದ ಕಲೆ ಇದೆ. ರೇಷನ್ ಸೀಮೆಎಣ್ಣೆ ಅಗ್ಗ, ಡೀಸೆಲ್ ದುಬಾರಿ. ಒಂದಕ್ಕೊಂದು ಬೆರೆಸಿದರೆ ಲಾಭ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ ನಿಮಗೆ ನೆನಪಿರಬಹುದು. ಇಂಡಿಯನ್ ಆಯಿಲ್‌ನ ಅಧಿಕಾರಿ. ಕಲಬೆರಕೆಗಾಗಿ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು ಬರೀ 27. 2011ರ ಜನವರಿ 25ರಂದು ನಮ್ಮ ಮಹಾರಾಷ್ಟ್ರದ ಮನ್ಮಾಡ್ ಬಳಿ, ಟ್ಯಾಂಕರ್‌ಗಳ ಕಲಬೆರಕೆ ದಂಧೆ ಹಿಡಿಯಲು ಹೋದ ಅಪರ ಜಿಲ್ಲಾಧಿಕಾರಿ ಯಶವಂತ ಸೋನವಣೆ ಅವರನ್ನು ಜೀವಂತ ಸುಟ್ಟರು.

ಟ್ಯಾಂಕರ್‌ಗಳಿಗೆ ಜಿಪಿಎಸ್ ಬಂತು, ಎಲೆಕ್ಟ್ರಾನಿಕ್ ಬೀಗ ಬಂತು. 2018ರ ಮಾರ್ಚಿನಲ್ಲಿ ಪುಣೆಯಲ್ಲಿ ಇಂಡಿಯನ್ ಆಯಿಲ್ ಡೀಸೆಲನ್ನು ಗಿರಾಕಿಯ ಬಾಗಿಲಿಗೇ ತಲುಪಿಸಲು ಶುರು ಮಾಡಿತು. ಲಾರಿಯ ಮೇಲೆಯೇ ಮೀಟರು, ನಳಿಕೆ. ಆಸ್ಪತ್ರೆ, ಹೌಸಿಂಗ್ ಸೊಸೈಟಿಗಳ ಜನರೇಟರಿಗೆ ಡಬ್ಬದಲ್ಲಿ ಡೀಸೆಲ್ ಹೊರುವ ಕಷ್ಟ ತಪ್ಪಿಸುವ ಏರ್ಪಾಡು. ಒಳ್ಳೆಯದೇ.

ಆದರೆ ಕಾಮರ್ಸ್ ಓದಿದವರಿಗೆ ಇನ್ನೊಂದು ಪಾಠವೂ ಗೊತ್ತು. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಅಂತ ಅಲ್ಲ. ಮೀಟರ್ ಎಣಿಸುವುದು ಲೀಟರನ್ನು. ಹರಿದದ್ದು ಬರೀ ಡೀಸೆಲ್ಲೋ, ಸೀಮೆಎಣ್ಣೆ ಬೆರೆತದ್ದೋ ಅದಕ್ಕೆ ತಿಳಿಯದು. ಎರಡಕ್ಕೂ ಅಷ್ಟೇ ಅಚ್ಚುಕಟ್ಟಾದ ಬಿಲ್ಲು ಕೊಡುತ್ತದೆ. ಲೀಟರ್ ಎಣಿಸುವ ಮನುಷ್ಯನ ಕೆಲಸವನ್ನು ಯಂತ್ರ ತೆಗೆದುಕೊಂಡಿದೆ, ಸರಿ. ಮಂಜುನಾಥ್ ಮಾಡುತ್ತಿದ್ದ ಕೆಲಸ, ಅಂದರೆ ಹೋಗಿ ನಿಂತು, ಸ್ಯಾಂಪಲ್ ತೆಗೆದು, ಇದು ಸರಿಯಿಲ್ಲ ಅನ್ನುವುದು, ಈಗಲೂ ಮನುಷ್ಯನದ್ದೇ. ಅಂಥವನ ಬೆನ್ನಿಗೆ ಇಲಾಖೆ, ಪೊಲೀಸರು, ನಾವು ನಿಲ್ಲದಿದ್ದರೆ ಅಚ್ಚಾದ ಬಿಲ್ಲೂ ಬರೀ ಕಾಗದವೇ.